ಒಂದು ಹಕ್ಕಿಗೋಸ್ಕರ ಮೊಸಳೆ ಇರೋ ನೀರಿಗೆ ಹೋಗ್ಬೇಕಾ?

ಶ್ರೀರಂಗಪಟ್ಟಣದ ಸುತ್ತಮುತ್ತ ಕಾವೇರಿಯಲ್ಲಿ ಬಲೆಗೆ ಸಿಕ್ಕ ಹಕ್ಕಿಗಳನ್ನು ಬಿಡಿಸುವವರ ಜೊತೆ ನಾನೂ ಓಡಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳೋದು ಒಂದೇ ಪ್ರಶ್ನೆ. "ಅಲ್ಲಾ ಸಾರ್, ಒಂದು ನೀರುಕಾಗೆಗೋಸ್ಕರ ಮೊಸಳೆ ಇರೋ ಕಡೆ ಹೋಗ್ತೀರಲ್ಲ, ಮನೇಲಿ ಯಾರೂ ಏನೂ ಅನ್ನಲ್ವಾ?" ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಸ್ವಲ್ಪ ಡಾಕ್ಯುಮೆಂಟರಿ ನೋಡಿದವರಾದರೆ ಜೊತೆಗೆ ಇನ್ನೊಂದು ಸೇರಿಸುತ್ತಾರೆ. "ಮೊಸಳೆಗೂ ಹೊಟ್ಟೆ ಇಲ್ವಾ? ಅದರ ಊಟ ನೀವ್ಯಾಕೆ ಕಿತ್ಕೋತೀರಿ?"

ಎರಡನೆಯ ಪ್ರಶ್ನೆ ನನಗೆ ಜಾಸ್ತಿ ಇಷ್ಟ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ರಂಗನತಿಟ್ಟಿಗೆ ಗೂಡು ಕಟ್ಟುವ ಕಾಲದಲ್ಲಿ ಹೋಗಿ ನೋಡಿ. ಮರದ ತುಂಬ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಕೆಳಗೆ ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿದ ಮೊಸಳೆ. ಗೂಡಿನಲ್ಲಿ ಮರಿಗಳು ಕಿತ್ತಾಡುತ್ತವೆ, ಒಂದು ಆಯ ತಪ್ಪಿ ನೀರಿಗೆ ಬೀಳುತ್ತದೆ, ಅಷ್ಟೇ ಕಥೆ. ದೋಣಿಯಲ್ಲಿ ಕೂತವರು ಅಯ್ಯೋ ಅಯ್ಯೋ ಅಂತಾರೆ. ಯಾರೂ ಕೈ ಹಾಕಲ್ಲ, ಹಾಕಲೂಬಾರದು. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಇದನ್ನೇ ಕೂತು ಅಭ್ಯಾಸ ಮಾಡಿದ್ದಾರೆ. ಅಲ್ಲಿ ಕೊಕ್ಕರೆ ಜಾತಿಯ ಹಕ್ಕಿಗಳು ಮೊಸಳೆಯಂಥದ್ದೇ ಪ್ರಾಣಿಯಾದ ಅಲಿಗೇಟರ್ ಇರುವ ನೀರಿನ ಮೇಲೇ ಬೇಕು ಅಂತ ಗೂಡು ಕಟ್ಟುತ್ತವೆ. ಕೆಳಗೆ ಅಲಿಗೇಟರ್ ಇದ್ದರೆ ಮರ ಹತ್ತಿ ಮೊಟ್ಟೆ ಕದಿಯುವ ರಕೂನ್‌ಗಳು ಹತ್ತಿರ ಸುಳಿಯಲ್ಲ. ಕಾವಲಿಗೆ ಕೂಲಿ ಅಂದರೆ ಆಗೊಮ್ಮೆ ಈಗೊಮ್ಮೆ ಬೀಳುವ ಮರಿ. ಹಾಗೆ ಗೂಡುಗಳ ಕೆಳಗಿದ್ದ ಅಲಿಗೇಟರ್‌ಗಳು ಬೇರೆ ಕಡೆಯವಕ್ಕಿಂತ ಮೈ ತುಂಬಿಕೊಂಡಿದ್ದವಂತೆ. ಇಂಥ ವ್ಯವಹಾರದ ನಡುವೆ ನಾವ್ಯಾಕೆ ತಲೆ ಹಾಕಬೇಕು?

ಆದರೆ ನೈಲಾನ್ ಬಲೆ ಈ ವ್ಯವಹಾರದಲ್ಲಿ ಇರಲಿಲ್ಲ. ಅದನ್ನು ತಂದು ಹಾಕಿದ್ದು ನಾವು. ಕೊಕ್ಕರೆ ಬೆಳ್ಳೂರಿನವರು ಮಾಡಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ ಅಂತ ನನಗೆ ಅನಿಸುತ್ತದೆ. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ಮಧ್ಯದ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿ ಬಿದ್ದರೆ ಬೀಳೋದು ನಾಯಿ ಓಡಾಡುವ ಬೀದಿಗೆ. ಊರವರೂ ಮೈಸೂರಿನ ಪಕ್ಷಿಪ್ರಿಯರೂ ಸೇರಿ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು ಮೀನು ಹಾಕಿ ಸಾಕಿ ಬಿಟ್ಟಿದ್ದಾರೆ. ಬೀದಿನಾಯಿ ನಮ್ಮಿಂದ ಬಂದದ್ದು, ಮೊಸಳೆ ಹಾಗಲ್ಲ.

ಇನ್ನು ಮೊದಲನೆಯ ಪ್ರಶ್ನೆ. ನಾವು ನೀರಿಗೆ ಇಳಿಯಲ್ಲ. ಮೊಣಕಾಲುದ್ದ ನೀರಿಗೂ ಇಳಿಯಲ್ಲ. ವಾಟ್ಸಾಪಿನಲ್ಲಿ ಬರುವ ವಿಡಿಯೋಗಳಲ್ಲಿ ಯಾರೋ ಧುಮುಕಿ ಈಜಿಕೊಂಡು ಹೋಗಿ ಹಕ್ಕಿಯನ್ನು ಎತ್ತಿಕೊಂಡು ಬರುತ್ತಾರಲ್ಲ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಹೊಳೆಯ ಮೊಸಳೆ ಹೊಂಚು ಹಾಕುವ ಪ್ರಾಣಿ. ಕಣ್ಣು ಮತ್ತು ಮೂಗಿನ ತುದಿ ಬಿಟ್ಟರೆ ಏನೂ ಕಾಣಲ್ಲ, ಕೆಲವೊಮ್ಮೆ ಅದೂ ಕಾಣಲ್ಲ. ಬಲೆಯಲ್ಲಿ ಸಿಕ್ಕ ಹಕ್ಕಿ ರೆಕ್ಕೆ ಬಡಿದುಕೊಳ್ಳುವ ಸದ್ದು ಅದಕ್ಕೆ ಊಟದ ಗಂಟೆ. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದು ಮೊದಲೇ ಬಂದಿದೆ ಅಂತ ತಿಳಿದುಕೊಂಡೇ ಹೋಗಬೇಕು.

ತೆಪ್ಪದಲ್ಲಿ ಹೋಗುತ್ತೇವೆ. ಹುಟ್ಟು ಹಾಕುವವರು ಹೊಳೆಯಲ್ಲೇ ಹುಟ್ಟಿ ಬೆಳೆದವರು. ಅವರು ಬೇಡ ಅಂದರೆ ಬೇಡ, ಆಮೇಲೆ ಮಾತಿಲ್ಲ. ಒಬ್ಬರು ಹಕ್ಕಿಯ ಕಡೆ ನೋಡಲೇಬಾರದು, ನೀರನ್ನು ಮಾತ್ರ ನೋಡಬೇಕು. ಇದು ಕೇಳೋಕೆ ಸುಲಭ, ಮಾಡೋಕೆ ಕಷ್ಟ, ಯಾಕಂದರೆ ಎಲ್ಲರ ಕಣ್ಣೂ ಒದ್ದಾಡುವ ಹಕ್ಕಿಯ ಮೇಲೇ ಹೋಗುತ್ತದೆ. ಕೈ ತೆಪ್ಪದ ಅಂಚು ದಾಟಬಾರದು. ಮಾವಿನಕಾಯಿ ಕೀಳುವ ದೋಟಿ ಇದೆಯಲ್ಲ, ಅದರಲ್ಲಿ ಬಲೆಯ ಬೆಂಡಿಗೆ ಕೊಕ್ಕೆ ಹಾಕಿ ಎಳೆದುಕೊಳ್ಳುತ್ತೇವೆ. ಹಕ್ಕಿ ಸಿಕ್ಕ ಭಾಗವನ್ನು ಎರಡೂ ಕಡೆ ಕತ್ತರಿಸಿ ಬಲೆ ಸಮೇತ ತೆಪ್ಪಕ್ಕೆ ಎತ್ತಿ ದಡಕ್ಕೆ ಬರೋದು. ಬಿಡಿಸುವ ಕೆಲಸ ಏನಿದ್ದರೂ ದಡದಲ್ಲಿ. ಬೇಸಿಗೆ ಶುರುವಾಗುವಾಗ ಹೆಣ್ಣು ಮೊಸಳೆ ಮರಳು ತೋಡಿ ಮೊಟ್ಟೆ ಇಟ್ಟು ಕಾಯುತ್ತಿರುತ್ತದೆ, ಆಗ ಮರಳ ದಿಬ್ಬಗಳ ಹತ್ತಿರವೂ ಹೋಗಲ್ಲ. ಸ್ವಲ್ಪ ದೂರ ಆದರೂ ಸರಿ, ಬಂಡೆ ಇರುವ ಕಡೆಯೇ ದಡ ಸೇರೋದು.

ನಿಜ ಹೇಳಬೇಕಂದರೆ ದಡಕ್ಕೆ ಬಂದ ಮೇಲೆ ಮೊಸಳೆಗಿಂತ ಹಾವಕ್ಕಿಗೆ (ಹಾವಿನ ಹಾಗೆ ಉದ್ದ ಕತ್ತಿನ ನೀರುಹಕ್ಕಿ) ಜಾಸ್ತಿ ಹೆದರುತ್ತೇನೆ. ಅದರ ಕೊಕ್ಕು ದಬ್ಬಳ. ಕತ್ತನ್ನು ಹಿಂದಕ್ಕೆ ಮಡಿಸಿ ಬಿಟ್ಟ ಬಾಣದ ಹಾಗೆ ಕಣ್ಣಿಗೇ ಚುಚ್ಚುತ್ತದೆ, ಹಾಗಾಗಿ ಕನ್ನಡಕ ಇಲ್ಲದೆ ಯಾರೂ ಮುಟ್ಟಲ್ಲ. ಮೊದಲು ತಲೆ ಮೇಲೆ ಟವೆಲ್ ಹಾಕಬೇಕು, ಕತ್ತಲಾದರೆ ಹಕ್ಕಿ ಅರ್ಧ ಸುಮ್ಮನಾಗುತ್ತದೆ. ಆಮೇಲೆ ತಲೆಯ ಹಿಂದೆ ಹಿಡಿಯಬೇಕು. ಇಲ್ಲಿ ತುಂಬ ಜನ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಿಬಿಡುತ್ತಾರೆ. ಹಾವಕ್ಕಿಗೂ ನೀರುಕಾಗೆಗೂ ಹೊರಗೆ ತೆರೆದ ಮೂಗಿನ ಹೊಳ್ಳೆಯೇ ಇಲ್ಲ, ಉಸಿರಾಡೋದು ಬಾಯಲ್ಲಿ. ಕೊಕ್ಕು ಕಟ್ಟಿದರೆ ಮೊಸಳೆ ಮಾಡಬೇಕಾದ ಕೆಲಸ ನೀವೇ ಮಾಡಿದ ಹಾಗೆ. ಎದೆ ಗಟ್ಟಿಯಾಗಿ ಅವುಚಿಕೊಂಡರೂ ಉಸಿರು ನಿಲ್ಲುತ್ತದೆ, ಹಕ್ಕಿಗೆ ನಮ್ಮ ಹಾಗೆ ವಪೆ (ಎದೆಯ ಕೆಳಗೆ ಉಸಿರಾಡಿಸುವ ಸ್ನಾಯು) ಇಲ್ಲ, ಎದೆಗೂಡು ಆಡಿದರೆ ಮಾತ್ರ ಗಾಳಿ. ಬಾಯಿಗೆ ನೀರು ಬಿಡೋದಂತೂ ಬೇಡವೇ ಬೇಡ.

ದಾರವನ್ನು ಎಳೆಯಬಾರದು, ಒಂದೊಂದೇ ಎಳೆ ಕತ್ತರಿಸಬೇಕು. ಮೀನಿನ ಗಾಳ ಚುಚ್ಚಿದ್ದರೆ ಹಿಂದಕ್ಕೆ ಎಳೆದರೆ ಮಾಂಸ ಹರಿದು ಬರುತ್ತದೆ. ಮುಂದಕ್ಕೇ ದೂಡಿ, ಮುಳ್ಳು ಹೊರಗೆ ಬಂದ ಮೇಲೆ ಅದನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ತೆಗೆಯಬೇಕು. ಒಂದು ಗೇಣು ದಾರ ಕಾಲಲ್ಲಿ ಉಳಿದರೂ ಮುಂದೆ ಯಾವುದೋ ಕೊಂಬೆಗೆ ಸಿಕ್ಕಿ ಹಕ್ಕಿ ತಲೆಕೆಳಗಾಗಿ ನೇತಾಡುತ್ತದೆ. ಎಲ್ಲ ಮುಗಿದ ತಕ್ಷಣ ಆಕಾಶಕ್ಕೆ ಹಾರಿಸಿ ಚಪ್ಪಾಳೆ ತಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ದಾರ ಬಿಗಿದ ರೆಕ್ಕೆ ಅವತ್ತು ಚೆನ್ನಾಗೇ ಕಾಣುತ್ತದೆ, ರಕ್ತ ಓಡದೆ ಸತ್ತ ಭಾಗ ಗೊತ್ತಾಗೋದು ಒಂದೆರಡು ದಿನ ಆದಮೇಲೆ. ಅದಕ್ಕೇ ಪಶುವೈದ್ಯರು ನೋಡಬೇಕು, ಅರಣ್ಯ ಇಲಾಖೆಗೆ ಒಪ್ಪಿಸಬೇಕು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪ್ರೀತಿ ಇದೆ ಅಂತ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೊಳೆಯಲ್ಲಿ ಸಿಕ್ಕ ಹಕ್ಕಿ ನಿಮ್ಮ ಕಣ್ಣಿಗೆ ಬಿದ್ದರೆ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಎಲ್ಲಿ, ಯಾವ ದಡ, ಹಕ್ಕಿ ತಲೆ ಎತ್ತಿದೆಯಾ ಅಂತ ಹೇಳಿ, ದೂರದಲ್ಲೇ ನಿಂತಿರಿ.

ಮೀನು ಹಿಡಿಯುವವರನ್ನು ಬೈಯುವವರಿಗೂ ಒಂದು ಮಾತು. ನಮಗೆ ಸುದ್ದಿ ಕೊಡುವವರಲ್ಲಿ ಅವರೇ ಜಾಸ್ತಿ. ಹಕ್ಕಿ ಸಿಕ್ಕರೆ ಬಲೆ ಹಾಳು, ಮೀನೂ ಹೋಯಿತು. ನಾವು ಕತ್ತರಿಸಿದರೆ ಇನ್ನಷ್ಟು ನಷ್ಟ. ಹಾಗಾಗಿ ಬಲೆಯವರು ಯಾರು ಅಂತ ಗೊತ್ತಿದ್ದರೆ ಕತ್ತರಿಸಿದಷ್ಟು ಬಲೆಯ ದುಡ್ಡು ಕೊಡೋದು ಒಳ್ಳೇದು, ಇಲ್ಲದಿದ್ದರೆ ಮುಂದಿನ ಸಲ ಫೋನೇ ಬರಲ್ಲ. ನಿಜವಾದ ತೊಂದರೆ ಯಾರದ್ದೂ ಅಲ್ಲದ ಬಲೆಗಳದ್ದು. ಹರಿದು ಹೋಯಿತು ಅಂತ ಬಿಟ್ಟದ್ದು, ಪ್ರವಾಹದಲ್ಲಿ ಕೊಚ್ಚಿಕೊಂಡು ಬಂದು ಪೊದೆಗೆ ಸುತ್ತಿಕೊಂಡದ್ದು. ಅವು ಹಗಲೂ ರಾತ್ರಿ ಕೊಲ್ಲುತ್ತಾ ಇರುತ್ತವೆ.

ಹಾಗಾದರೆ ಮೊಸಳೆಯೇ ಮೊದಲು ಬಂದರೆ? ಬರುತ್ತದೆ. ಆಗ ನಾವು ಹಿಂದೆ ಸರಿಯುತ್ತೇವೆ, ದೋಟಿ ಬೀಸಿ ಜಗಳಕ್ಕೆ ಹೋಗಲ್ಲ. ಆದರೆ ಅದು ಆ ಕಡೆ ಹೋದ ಮೇಲೆ ಮತ್ತೆ ತೆಪ್ಪ ಹಾಕಿ ಉಳಿದ ಬಲೆಯನ್ನು ಪೂರ್ತಿ ಎತ್ತುತ್ತೇವೆ. ಬಲೆ ಅಲ್ಲೇ ಇದ್ದರೆ ನಾಳೆ ಮೊಸಳೆಯ ಮರಿಗೂ ಸುತ್ತಿಕೊಳ್ಳುತ್ತದೆ, ಅದನ್ನು ಬಿಡಿಸೋಕೆ ನನಗಂತೂ ಬರಲ್ಲ.