ಸರ್ಕಸ್ ಕಂಪನಿಯ ಲೆಕ್ಕ ಬರೆಯುತ್ತಾ ಕಲಿತದ್ದು

ಕೆಲವು ವರ್ಷ ಸರ್ಕಸ್ ಕಂಪನಿಯೊಂದರಲ್ಲಿ ಲೆಕ್ಕ ಬರೆದಿದ್ದೇನೆ. ಜೋಕಾಲಿ ಆಟ ನೋಡಿದ್ದು ಕಡಿಮೆ, ರಸೀದಿ ನೋಡಿದ್ದೇ ಜಾಸ್ತಿ. ಗಲ್ಲಾಕ್ಕೆ ಬಂದ ದುಡ್ಡಿನಲ್ಲಿ ಮೊದಲ ಪಾಲು ಮುಂದಿನ ಊರಿನದು ಅನ್ನೋದು ಅಲ್ಲಿ ಗೊತ್ತಾಯಿತು.

ಟಿಕೆಟ್ ಕೌಂಟರಿನಲ್ಲಿ ಯಜಮಾನರ ಹೆಂಡತಿಯೇ ಕೂರುತ್ತಿದ್ದರು. ಕೊನೆಯ ಶೋ ಮುಗಿದ ಮೇಲೆ ಅವರ ಡೇರೆಯಲ್ಲಿ ಮಂಚದ ಮೇಲೆ ನೋಟು ಹರಡಿ, ಹತ್ತು, ಐವತ್ತು, ನೂರು ಅಂತ ಬೇರೆ ಮಾಡಿ ರಬ್ಬರ್ ಬ್ಯಾಂಡ್ ಹಾಕುವರು. ಮೊದಲ ಕಟ್ಟು ಸೀದಾ ಟ್ರಂಕಿಗೆ. ಅದು ಲಾರಿ ದುಡ್ಡು. ಲಾರಿ ಬಾಡಿಗೆ, ಮುಂದಿನ ಮೈದಾನದ ಅಡ್ವಾನ್ಸ್, ಅಲ್ಲಿ ಮೊದಲ ಶೋ ಆಗುವ ತನಕ ಮೆಸ್ಸಿನ ದಿನಸಿ, ಇಷ್ಟೂ ಅದರಲ್ಲೇ. ಒಮ್ಮೆ ಜನರೇಟರ್ ಕೆಟ್ಟಾಗ ಯಜಮಾನರು ಟ್ರಂಕಿನ ಕಡೆ ನೋಡಿದರು. "ಅದನ್ನ ಮುಟ್ಟಬೇಡಿ, ಬೇಕಾದ್ರೆ ನನ್ನ ಬಳೆ ಅಡ ಇಡಿ" ಅಂದರು ಅಮ್ಮಾವ್ರು. ಬಳೆ ಹೋಯಿತು, ಜನರೇಟರ್ ರಿಪೇರಿ ಆಯಿತು.

ಇಷ್ಟು ಬಿಗಿ ಯಾಕೆ ಅಂದರೆ, ಮಳೆ ಹಿಡಿದರೆ ಶೋ ಇಲ್ಲ. ಆದರೆ ಮೈದಾನದ ಬಾಡಿಗೆ, ಮೆಸ್ಸು, ಸಂಬಳ ನಿಲ್ಲುತ್ತವಾ? ಜಾಗ ಬಿಡೋಣ ಅಂದರೂ ಲಾರಿಗೆ ದುಡ್ಡು ಬೇಕು. ಅದಿಲ್ಲದ ಕಂಪನಿ ಅದೇ ಕೆಸರಲ್ಲಿ ಕೂತು ಇನ್ನಷ್ಟು ಸಾಲ ಮಾಡುತ್ತದೆ. ಹಿಂದೆ ಹುಲಿ ಸಿಂಹ ನೋಡೋಕೆ ಜನ ಬರುತ್ತಿದ್ದರು. 1998ರ ಸರ್ಕಾರಿ ಅಧಿಸೂಚನೆ ಅವುಗಳ ಆಟವನ್ನು ನಿಲ್ಲಿಸಿತು, 2001ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು, ಬೋನಿನ ಬಾಳು ಬಾಳೇ ಅಲ್ಲ. ಗಲ್ಲಾ ಮಾತ್ರ ಸೊರಗಿತು.

ಎರಡನೇ ಕಟ್ಟು ಕಲಾವಿದರ ಸಂಬಳಕ್ಕೆ. ಹಳಬರಲ್ಲಿ ಕೇರಳದ ತಲಶ್ಶೇರಿ ಕಡೆಯವರಿದ್ದರು. ಕೀಲೇರಿ ಕುಂಞಿಕಣ್ಣನ್ 1901ರಲ್ಲೇ ಸರ್ಕಸ್ ಶಾಲೆ ತೆರೆದ ಊರು ಅದು. ತಿಂಗಳ ಮೊದಲ ವಾರ ಮನೆಗೆ ದುಡ್ಡು ಹೋಗಲೇಬೇಕು ಅನ್ನುವವರು.

ಯಜಮಾನರ ಮನೆ ಖರ್ಚಿಗೆ ಕೊನೆಯ ಕಟ್ಟು. ಕೆಲವು ತಿಂಗಳು ಅದು ಇರುತ್ತಲೇ ಇರಲಿಲ್ಲ, ಮಗಳ ಹಾಸ್ಟೆಲ್ ಫೀಸು ಬೇಸಿಗೆ ರಜೆಯ ಕಲೆಕ್ಷನ್ ಬರುವ ತನಕ ಬಾಕಿ. ನನಗೆ ಒಪ್ಪಿಗೆಯಾಗದ್ದು ಇದೇ. ಅಮ್ಮಾವ್ರು ಕೌಂಟರಿನಲ್ಲಿ, ಮಗ ಲೈಟಿಂಗಿನಲ್ಲಿ, ಇಬ್ಬರಿಗೂ ಸಂಬಳವಿಲ್ಲ. ಅದನ್ನೂ ಖರ್ಚಿಗೆ ಸೇರಿಸಿದೆ ನೋಡಿ, ಲಾಭ ಅಂದುಕೊಂಡಿದ್ದ ಎಷ್ಟೋ ಊರು ನಷ್ಟಕ್ಕೆ ಇಳಿದವು. ಯಜಮಾನರಿಗೆ ತೋರಿಸಿದೆ. "ಸಂಬಳ ತಗೊಂಡು ನಾವೆಲ್ಲಿಗೆ ಹೋಗೋಣ ಮಾರಾಯ?" ಅಂತ ನಕ್ಕರು. ಆದರೂ ಮುಂದಿನ ಊರಿನಿಂದ ಮಗನ ಹೆಸರು ಸಂಬಳದ ಪಟ್ಟಿಗೆ ಬಂತು. ಅಮ್ಮಾವ್ರದ್ದು ಬರಲಿಲ್ಲ.