ಹದಿನೆಂಟರ ಮತಕ್ಕಾಗಿ ಬರೆದ ಭಾಷಣ

ಮುಂಬಯಿಯ ಮುಲುಂಡಿನಲ್ಲಿರುವ ತಮ್ಮನ ಮಗಳು ಒಂಬತ್ತನೆಯ ತರಗತಿಯ ಸ್ಪರ್ಧೆಗೆಂದು ರಾಜಕೀಯ ಭಾಷಣವೊಂದನ್ನು ಬರೆದು, "ದೊಡ್ಡಪ್ಪ, ಒಮ್ಮೆ ನೋಡಿಕೊಡಿ" ಎಂದು ಕಳುಹಿಸಿದ್ದಳು. ಪುಟದ ತುಂಬ ದೇಶದ ಹಿರಿಮೆಯೇ ಇತ್ತು. ಕೇಳುವವರು ಏನು ಮಾಡಬೇಕೆಂಬುದು ಕೊನೆಯ ವಾಕ್ಯದವರೆಗೂ ತಿಳಿಯಲಿಲ್ಲ. ನಾನು ಮೊದಲು ಬರೆದದ್ದೂ ಹಾಗೆಯೇ ಇತ್ತು.

ಅದು 1988ರ ಡಿಸೆಂಬರ್. ಹಗಲು ಮುಂಬಯಿಯ ಕೋಟೆ (ಫೋರ್ಟ್) ಪರಿಸರದ ಹೊಟೇಲಿನಲ್ಲಿ ಮಾಣಿಯಾಗಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ನನಗೆ ಆಗ 18 ವರ್ಷ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಸಂವಿಧಾನ ತಿದ್ದುಪಡಿ ಮಸೂದೆ ಸಂಸತ್ತಿನ ಮುಂದಿತ್ತು; ಶಾಲೆಯ ಭಾಷಣ ಸ್ಪರ್ಧೆಗೂ ಅದೇ ವಿಷಯ. ಯುವಶಕ್ತಿಯ ಗುಣಗಾನದಿಂದ ತೊಡಗಿ ನಾಲ್ಕು ಪುಟ ಬರೆದು ಮಾಸ್ತರರ ಕೈಗಿತ್ತೆ. ಅವರು ಕೆಂಪು ಪೆನ್ಸಿಲಿನಿಂದ ಮೊದಲ ಮೂರು ಪುಟಗಳಿಗೆ ಅಡ್ಡಗೆರೆ ಎಳೆದು, "ಎದುರಿನ ಸಾಲಿನಲ್ಲಿ ಕೂರುವವರು ಯಾರು?" ಎಂದು ಕೇಳಿದರು. ಹೊಟೇಲು ಮಾಲಕರು ಎಂದೆ. "ಹುಡುಗರಿಗೆ ಮತ ಸಿಕ್ಕರೆ ಪಕ್ಷದವರು ಅವರ ತಲೆ ಕೆಡಿಸುತ್ತಾರೆ ಎಂಬ ಭಯ ಅವರದು. ಆ ಭಯವನ್ನು ಅವರಿಗಿಂತ ಚೆನ್ನಾಗಿ ನೀನೇ ಮೊದಲು ಹೇಳು, ಆಮೇಲೆ ಉತ್ತರ ಕೊಡು."

1949ರ ನವೆಂಬರ್ 25ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಮಾಸ್ತರರು ಓದಿ ಹೇಳಿದರು. ಸಂವಿಧಾನವನ್ನು ಖಂಡಿಸುತ್ತಿದ್ದ ಕಮ್ಯುನಿಸ್ಟರ ಮತ್ತು ಸಮಾಜವಾದಿಗಳ ಆಕ್ಷೇಪ ಏನೆಂಬುದನ್ನು ಸಭೆಯ ಮುಂದೆ ಇಟ್ಟ ಬಳಿಕವೇ ಅಂಬೇಡ್ಕರರು ಅದಕ್ಕೆ ಉತ್ತರಿಸುತ್ತಾರೆ. ಕರಡಿನ ಶ್ರೇಯಸ್ಸು ತಮ್ಮೊಬ್ಬರದಲ್ಲವೆಂದು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರನ್ನು ಅಲ್ಲಿ ನೆನೆದದ್ದನ್ನು ಕೇಳಿ ನನಗೆ ರೋಮಾಂಚನವಾಯಿತು.

ಭಾಷಣವನ್ನು ಹೊಸದಾಗಿ ಬರೆದೆ. 1875ರ ಕಾಯ್ದೆಯೇ 18 ತುಂಬಿದವರನ್ನು ಪ್ರಾಪ್ತವಯಸ್ಕರೆಂದು ಒಪ್ಪಿ, ಕರಾರಿಗೆ ಸಹಿ ಹಾಕಲು ಬಿಟ್ಟಿದೆಯೆಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಉಳಿದದ್ದೆಲ್ಲ ನನ್ನ ಪಕ್ಕದ ಬೆಂಚಿನ, ಹತ್ತೊಂಬತ್ತು ವರ್ಷದ ಗೆಳೆಯನ ಕುರಿತು. ರುಬ್ಬುವ ಕೆಲಸದಿಂದ ಬೆರಳ ಸಂದುಗಳಲ್ಲಿ ಒಣಗಿದ ಹಿಟ್ಟು ಅಂಟಿಕೊಂಡಿರುತ್ತಿದ್ದ ಅವನು, ಪ್ರತಿ ತಿಂಗಳು ಪ್ರಧಾನ ಅಂಚೆ ಕಚೇರಿಯಾದ ಜಿಪಿಒದ ಸಾಲಿನಲ್ಲಿ ನಿಂತು, ಅದೇ ಕೈಯಿಂದ ಊರಿನ ತಾಯಿಗೆ ಮನಿಯಾರ್ಡರ್ ಫಾರ್ಮು ತುಂಬುತ್ತಿದ್ದ. ಒಂದು ಮನೆಯ ಅಕ್ಕಿಯನ್ನು ಇವನ ವಿವೇಕಕ್ಕೆ ಬಿಟ್ಟಿರುವಾಗ ಒಂದು ಮತವನ್ನು ಬಿಡಲು ಏಕೆ ಹೆದರಬೇಕು ಎಂದು ಮಾಲಕರನ್ನೇ ನೋಡುತ್ತ ಕೇಳಿದೆ. ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಒಬ್ಬ ಮಾಲಕರು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಗೆಳೆಯನನ್ನು ಕರೆದು, ಊರು ಯಾವುದೆಂದು ವಿಚಾರಿಸಿದರು. ಬಹುಮಾನಕ್ಕಿಂತ ಅದು ನನಗೆ ದೊಡ್ಡದಾಗಿ ಕಂಡಿತು.

ಅದೇ ತಿಂಗಳು ಸಂಸತ್ತು 61ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 1989ರ ಮಾರ್ಚ್ 28ರಿಂದ ಅದು ಜಾರಿಗೆ ಬಂತು. ನಾವಿಬ್ಬರೂ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ಅಲ್ಲಿದ್ದವರು ರೇಷನ್ ಕಾರ್ಡು ಕೇಳಿದರು. ಹೊಟೇಲಿನ ಮಾಳಿಗೆಯಲ್ಲಿ ಮಲಗುವ ಹುಡುಗರಿಗೆ ರೇಷನ್ ಕಾರ್ಡು ಎಲ್ಲಿಯದು? ಆ ವರ್ಷದ ನವೆಂಬರಿನ ಲೋಕಸಭಾ ಚುನಾವಣೆಯ ದಿನ ನಾವು ಎಂದಿನಂತೆ ಮೇಜು ಒರೆಸಿದೆವು. ವಯಸ್ಸಿನ ಬಗ್ಗೆ ಅಷ್ಟೆಲ್ಲ ಬರೆದವನು ವಿಳಾಸದ ಬಗ್ಗೆ ಒಂದು ಮಾತನ್ನೂ ಬರೆದಿರಲಿಲ್ಲ.

ತಮ್ಮನ ಮಗಳಿಗೆ ಇದಿಷ್ಟನ್ನೂ ಫೋನಿನಲ್ಲಿ ಹೇಳಿದೆ. ಅವಳ ವಿಷಯ ರೈಲು ನಿಲ್ದಾಣದ ಮೇಲ್ಸೇತುವೆ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು ನೋಡಿ ಬಂದು ಬರೆಯುತ್ತೇನೆ ಎಂದಿದ್ದಾಳೆ.