ಕೀಮೋ ನಡುವೆ ಒಂದು ಜ್ವರದ ರಾತ್ರಿ

ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನಾನು ಅತಿ ಜಾಸ್ತಿ ಕೇಳಿದ ಮಾತು "ಏನೂ ಆಗಲ್ಲ, ಧೈರ್ಯವಾಗಿರು". ಅಮ್ಮ ಹೇಳಿದರು, ಅತ್ತೆ ಹೇಳಿದರು, ಫೋನ್ ಮಾಡಿದವರೆಲ್ಲ ಹೇಳಿದರು. ನನ್ನ ಗಂಡ ಅಂತೂ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ ಲೆಕ್ಕ ಇಲ್ಲ. ಎಲ್ಲರದೂ ಪ್ರೀತಿಯೇ, ಅದರಲ್ಲಿ ಅನುಮಾನ ಬೇಡ. ಆದರೆ ಆ ಮಾತು ಬಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಏನೂ ಆಗಲ್ಲ ಅಂತ ಅವರೇ ಹೇಳಿ ಮುಗಿಸಿದ ಮೇಲೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಮಗಳು ಓದು ಮುಗಿಸೋದನ್ನ ನೋಡ್ತೀನೋ ಇಲ್ಲವೋ ಅಂತ ಎದೆ ನಡುಗುತ್ತೆ ಅಂತ ನಾನು ಯಾರ ಹತ್ತಿರ ಹೇಳಲಿ? ಅವರ ಧೈರ್ಯ ಕೆಡಿಸಬಾರದು ಅಂತ ನಾನೂ ನಗುತ್ತಿದ್ದೆ. ಅವರೂ ನಗುತ್ತಿದ್ದರು. ಮನೆ ತುಂಬ ಜನ ಇದ್ದರೂ ಅಷ್ಟು ಒಂಟಿ ಅಂತ ನನಗೆ ಬದುಕಿನಲ್ಲಿ ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮನೆಯಲ್ಲಿ ಇದು ಬದಲಾಗಿದ್ದು ಒಂದು ರಾತ್ರಿ. ಅದನ್ನೇ ಬರೆಯುತ್ತಿದ್ದೇನೆ. ಕೀಮೋ ತೆಗೆದುಕೊಳ್ಳುತ್ತಿರುವ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಜ್ವರದ ವಿಷಯವನ್ನಾದರೂ ದಯವಿಟ್ಟು ಪೂರ್ತಿ ಓದಿ.

ಮೊದಲು ನನ್ನ ಕಾಯಿಲೆ ಬಗ್ಗೆ ಸ್ವಲ್ಪ. ಎಡಗಡೆ ಸ್ತನದಲ್ಲಿ ಗಂಟು. ಕಂಕುಳಿನ ಗ್ರಂಥಿಗೂ ಹರಡಿತ್ತು. ಬಯಾಪ್ಸಿಯಲ್ಲಿ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಹರ್2 ನೆಗೆಟಿವ್ ಅಂತ ಬಂತು. ಅಂದರೆ ಈ ಗಂಟು ಬೆಳೆಯೋಕೆ ಮೈಯಲ್ಲಿರುವ ಹೆಣ್ಣು ಹಾರ್ಮೋನ್ ನೆರವಾಗುತ್ತದೆ, ಹರ್2 ಅನ್ನೋ ಪ್ರೋಟೀನ್ ಮಾತ್ರ ಅದರಲ್ಲಿ ಜಾಸ್ತಿ ಇಲ್ಲ. ಸ್ತನ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಂದುಕೊಂಡಿರುತ್ತೇವೆ, ಆದರೆ ಈ ರಿಪೋರ್ಟ್ ಮೇಲೆಯೇ ಯಾರಿಗೆ ಯಾವ ಔಷಧ ಅನ್ನೋದು ನಿರ್ಧಾರ ಆಗುತ್ತದೆ, ಹಾಗಾಗಿ ಇನ್ನೊಬ್ಬರಿಗೆ ಕೊಟ್ಟಿದ್ದು ನಮಗ್ಯಾಕೆ ಕೊಟ್ಟಿಲ್ಲ ಅಂತ ಹೋಲಿಸಿಕೊಂಡು ಗಾಬರಿ ಆಗಬಾರದು. ನನಗೆ ಮೊದಲು ಕೀಮೋ, ಆಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್, ಕೊನೆಗೆ ವರ್ಷಗಟ್ಟಲೆ ಮಾತ್ರೆ ಅಂತ ಡಾಕ್ಟರ್ ಹೇಳಿದರು. ಗಂಟು ಇರುವಾಗಲೇ ಕೀಮೋ ಕೊಟ್ಟರೆ ಔಷಧ ಕೆಲಸ ಮಾಡುತ್ತಿದೆಯಾ ಅಂತ ಗೊತ್ತಾಗುತ್ತದೆ, ಗಂಟು ಚಿಕ್ಕದಾದರೆ ಆಪರೇಷನ್ನೂ ಚಿಕ್ಕದಾಗಬಹುದು.

ಮೊದಲ ಔಷಧಗಳಲ್ಲಿ ಒಂದು ಡಾಕ್ಸೊರುಬಿಸಿನ್. ಕೆಂಪು ಬಣ್ಣದ್ದು. ಹೃದಯದ ಮೇಲೆ ಪರಿಣಾಮ ಆಗಬಹುದು ಅಂತ ಶುರು ಮಾಡುವ ಮೊದಲೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ. ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಮೊದಲೇ ಹೇಳಿರದಿದ್ದರೆ ರಕ್ತ ಅಂತಲೇ ಹೆದರಿಬಿಡುತ್ತೇವೆ. ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ. ಆ ದಿನ ನನ್ನ ತಂಗಿ ಟ್ರಿಮ್ಮರ್ ಹಿಡಿದು ಬಂದು ಬಾಗಿಲು ಹಾಕಿಕೊಂಡಳು, ಇಬ್ಬರೂ ಅತ್ತೆವು, ಮುಗಿಯಿತು. ಕೂದಲಿನ ಬಗ್ಗೆ ಇಷ್ಟೇ ಸಾಕು. ಎಲ್ಲರೂ ಅದನ್ನೇ ದೊಡ್ಡದು ಮಾಡುತ್ತಾರೆ, ನನಗೆ ಅದಕ್ಕಿಂತ ಕಷ್ಟದ್ದು ಬೇರೆ ಇತ್ತು.

ಎರಡನೇ ಕೀಮೋ ಆಗಿ ಮುಂದಿನ ವಾರ ಇರಬೇಕು. ಸಂಜೆಯಿಂದಲೇ ಮೈಕೈ ನೋವು, ಒಳಗೊಳಗೇ ಚಳಿ. ಕೀಮೋ ಸುಸ್ತೇ ಹಾಗಿರುತ್ತದೆ, ಎಷ್ಟು ಮಲಗಿದರೂ ಹೋಗಲ್ಲ, ಅದರ ಮಧ್ಯೆ ಹೊಸದಾಗಿ ಏನಾದರೂ ಶುರುವಾದರೆ ಬೇಗ ಗೊತ್ತೂ ಆಗಲ್ಲ. ರಾತ್ರಿ ಊಟಕ್ಕೆ ಕರೆಯಲು ಬಂದ ಮಗಳು ಹಣೆ ಮುಟ್ಟಿ ನೋಡಿ, ಏನೂ ಮಾತಾಡದೆ ಹೋಗಿ ಥರ್ಮಾಮೀಟರ್ ತಂದಳು. 100.8.

"ಏನೂ ಆಗಲ್ಲ ಕಣಮ್ಮ, ಒಂದು ಜ್ವರದ ಮಾತ್ರೆ ತಗೊಂಡು ಮಲ್ಕೋ. ಬೆಳಿಗ್ಗೆ ನೋಡೋಣ" ಅಂದರು ಅತ್ತೆ. ಬೇರೆ ಯಾವ ದಿನ ಆಗಿದ್ದರೂ ಅದೇ ಸರಿ, ಮೂರು ಮಕ್ಕಳನ್ನ ಬೆಳೆಸಿದ ಅನುಭವ ಅವರದು. ಗಂಡನೂ ಮಾತ್ರೆ ಡಬ್ಬಿ ಹುಡುಕತೊಡಗಿದರು. ಮಗಳು ಮಾತ್ರ, "ಅಪ್ಪ, ಕೊಡಬೇಡಿ. ಆ ಪೇಪರ್‌ನಲ್ಲಿ ಬೇರೆ ಬರೆದಿದೆ" ಅಂದಳು. ಕೀಮೋ ಶುರುವಾದಾಗ ಆಸ್ಪತ್ರೆಯಲ್ಲಿ ಕೊಟ್ಟ ಹಾಳೆ, ಅದನ್ನ ಅವಳೇ ಅಡುಗೆಮನೆ ಗೋಡೆಗೆ ಅಂಟಿಸಿದ್ದಳು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹೊತ್ತು ಎಷ್ಟೇ ಆಗಿರಲಿ ಫೋನ್ ಮಾಡಿ, ಕೇಳದೆ ಜ್ವರದ ಮಾತ್ರೆ ತೆಗೆದುಕೊಳ್ಳಬೇಡಿ ಅಂತ ಅದರಲ್ಲಿತ್ತು. ಯಾರನ್ನೂ ಕಾಯದೆ ಅವಳೇ ಆ ನಂಬರಿಗೆ ಫೋನ್ ಮಾಡಿದಳು. ಆ ಕಡೆಯಿಂದ ನರ್ಸ್ ಹೇಳಿದ್ದು ಒಂದೇ ಮಾತು, ಈಗಲೇ ಹೊರಡಿ.

ಯಾಕೆ ಇಷ್ಟು ಅವಸರ ಅಂತ ನನಗೆ ಆಮೇಲೆ ಸರಿಯಾಗಿ ಅರ್ಥವಾಯಿತು. ಕೀಮೋ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಜೊತೆಗೆ ಕೂದಲಿನ ಬುಡ, ಬಾಯೊಳಗಿನ ಪದರ, ಮೂಳೆಮಜ್ಜೆ ಇವೂ ಸಿಕ್ಕಿಬೀಳುತ್ತವೆ. ಮಜ್ಜೆಯಲ್ಲಿ ತಯಾರಾಗುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಕೀಮೋ ಆಗಿ 7ರಿಂದ 14 ದಿನದ ನಡುವೆ ತೀರಾ ಕಡಿಮೆಯಾಗುತ್ತವೆ. ಅದರಲ್ಲೂ ನ್ಯೂಟ್ರೋಫಿಲ್ ಅನ್ನೋ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಹೋದರೆ ಸೋಂಕನ್ನ ತಡೆಯೋಕೆ ಮೈಯಲ್ಲಿ ಹೆಚ್ಚೇನೂ ಉಳಿದಿರಲ್ಲ. ಗಾಯ ಕೆಂಪಾಗೋದು, ಕೀವು ಆಗೋದು, ಕಫ ಕಟ್ಟೋದು, ಇದೆಲ್ಲ ಆ ಕಣಗಳು ಹೋರಾಡುವಾಗ ಕಾಣುವ ಗುರುತುಗಳು. ಕಣಗಳೇ ಇಲ್ಲದಿದ್ದಾಗ ಆ ಗುರುತೂ ಸರಿಯಾಗಿ ಕಾಣಲ್ಲ, ಎಷ್ಟೋ ಸಲ ಜ್ವರ ಒಂದೇ ಕಾಣಿಸುತ್ತದೆ. ಅದನ್ನೂ ಮಾತ್ರೆ ಹಾಕಿ ಇಳಿಸಿಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಸೋಂಕು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ಆಗಬಹುದು.

ಕಾರಿನಲ್ಲಿ ಹೋಗುವಾಗ ಮೊದಲು ಯಾರೂ ಮಾತಾಡಲಿಲ್ಲ. ನಾನು ಹಿಂದೆ ಮಗಳ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದೆ. ಒಂದು ಸಿಗ್ನಲ್‌ನಲ್ಲಿ ಕಾರು ನಿಂತಾಗ ಇವರು ತಿರುಗಿ ನೋಡದೆಯೇ, "ನಂಗೆ ತುಂಬ ಭಯ ಆಗ್ತಿದೆ ಕಣೇ" ಅಂದರು. ಮದುವೆಯಾದಾಗಿನಿಂದ ಈ ಮನುಷ್ಯ ಭಯ ಅನ್ನೋ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಆದರೆ ಎದೆ ಮೇಲಿದ್ದ ಭಾರ ಯಾರೋ ಇಳಿಸಿದ ಹಾಗೂ ಆಯಿತು. "ನಂಗೂ ರೀ, ಮೊದಲ ದಿನದಿಂದ" ಅಂದೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟೇ ನಡೆದಿದ್ದು. ಹೇಳಿದರೆ ಏನೂ ಇಲ್ಲ ಅನ್ನಿಸಬಹುದು, ನನಗೆ ಮಾತ್ರ ಅಲ್ಲಿಂದ ಮುಂದೆ ಈ ಕಾಯಿಲೆ ನನ್ನೊಬ್ಬಳದಾಗಿ ಉಳಿಯಲಿಲ್ಲ.

ಎಮರ್ಜೆನ್ಸಿಯಲ್ಲಿ ಜನ ಇದ್ದರು. ಇವರು ಹೋಗಿ ಮೊದಲನೇ ಮಾತೇ "ಇವರಿಗೆ ಕೀಮೋ ನಡೀತಿದೆ, ಜ್ವರ 100.8" ಅಂದರು. ಇದನ್ನ ನೆನಪಿಟ್ಟುಕೊಳ್ಳಿ, ಬರೀ ಜ್ವರ ಅಂದರೆ ಸಾಲಿನಲ್ಲಿ ಕೂರಿಸಬಹುದು. ನನ್ನನ್ನು ಕೆಮ್ಮುವವರ ಮಧ್ಯೆ ಕೂರಿಸದೆ ತಕ್ಷಣ ಬೇರೆ ಕೋಣೆಗೆ ಕರೆದುಕೊಂಡು ಹೋದರು. ಕೀಮೋ ಕೊಡೋಕೆ ಅಂತ ಕಾಲರ್ ಬೋನ್ ಕೆಳಗೆ ಚರ್ಮದಡಿ ಇಟ್ಟಿದ್ದ ಪೋರ್ಟ್ ಅನ್ನೋ ಚಿಕ್ಕ ಸಾಧನದಿಂದ ಒಂದು ಸಲ, ಕೈಯಿಂದ ಒಂದು ಸಲ ರಕ್ತ ತೆಗೆದು, ಅದರಲ್ಲಿ ಸೋಂಕಿನ ರೋಗಾಣು ಇದೆಯಾ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರೋದಕ್ಕೆ ಕಾಯದೆಯೇ ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಬಂದ ಒಂದು ಗಂಟೆಯೊಳಗೆ ಅದು ಶುರುವಾಗಬೇಕು ಅನ್ನೋದು ಅವರ ಗುರಿ. ನನ್ನ ನ್ಯೂಟ್ರೋಫಿಲ್ ನಿಜಕ್ಕೂ ತಳ ಕಂಡಿತ್ತು.

ಬೆಳಿಗ್ಗೆ ತಂಗಿ ಒಂದು ನೋಟ್‌ಬುಕ್ ಹಿಡಿದು ಬಂದಳು. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ನನಗೆ ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ, ಅವಳು ಎಲ್ಲವನ್ನೂ ಬರೆದುಕೊಂಡಳು, ಅರ್ಥವಾಗದ್ದನ್ನ ಮತ್ತೆ ಕೇಳಿದಳು. ಮುಂದಿನ ಕೀಮೋ ಯಾವಾಗ, ಡೋಸ್ ಕಡಿಮೆ ಮಾಡುತ್ತೀರಾ, ಇದು ಮತ್ತೆ ಆಗದ ಹಾಗೆ ಏನು ಮಾಡಬಹುದು. ಮುಂದಿನ ಸಲದಿಂದ ಕೀಮೋ ಮರುದಿನ ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತೇವೆ ಅಂದರು. ಕೊಟ್ಟರು ಕೂಡ. ಅದು ಮಜ್ಜೆಯನ್ನು ಓಡಿಸಿ ದುಡಿಸುವ ಔಷಧ, ಸೊಂಟ, ಬೆನ್ನಿನ ಮೂಳೆಯೊಳಗೇ ನೋವು ಬರುತ್ತದೆ. ಆದರೆ ಆ ಜ್ವರ ಮತ್ತೆ ಬರಲಿಲ್ಲ. ಈಗಲೂ ಯಾವ ಅಪಾಯಿಂಟ್‌ಮೆಂಟ್‌ಗೂ ತಂಗಿ, ಆ ನೋಟ್‌ಬುಕ್ ಎರಡೂ ಇಲ್ಲದೆ ನಾನು ಹೋಗಲ್ಲ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಪಕ್ಕ ಕೂತು, "ನನ್ನ ಮಾತು ಕೇಳಿ ಮಲಗಿಬಿಟ್ಟಿದ್ರೆ ಏನಾಗ್ತಿತ್ತೇ?" ಅಂತ ಅತ್ತರು. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ, ಸುಮ್ನೆ ಅವರ ಕೈ ಹಿಡಿದುಕೊಂಡೆ. ಆವತ್ತಿನಿಂದ ಕೈ ತೊಳೆಯದೆ ನನ್ನ ಕೋಣೆಗೆ ಒಂದು ಜೀವವೂ ಬರದ ಹಾಗೆ ನೋಡಿಕೊಂಡವರು ಅವರು. ಶೀತ ಆಗಿದ್ದ ಹತ್ತಿರದ ನೆಂಟರನ್ನೇ ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸಿದರು. ಅವರಿಗೆ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಏನೂ ಆಗಲ್ಲ ಅನ್ನೋದು ನಿಂತ ಮೇಲೆ ಒಬ್ಬೊಬ್ಬರ ಒಳಗಿದ್ದ ಪ್ರಶ್ನೆಗಳು ಹೊರಗೆ ಬಂದವು. ಮಗಳದು, "ಅಮ್ಮಾ, ಇದು ನನಗೂ ಬರುತ್ತಾ?" ಆ ಹುಡುಗಿ ಇದನ್ನ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದಳು. ಡಾಕ್ಟರನ್ನೇ ಕೇಳಿದೆವು. ವಂಶವಾಹಿಯಿಂದ ಬರೋದು ಸುಮಾರು 5ರಿಂದ 10 ಶೇಕಡಾ ಮಾತ್ರ ಅಂದರು. ದೋಷ ಇದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್‌ಗಳು, 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2, ಪತ್ತೆಯಾದ ಮೇಲೆ ಅದನ್ನ ಪರೀಕ್ಷೆ ಮಾಡಿ ನೋಡುವುದು ಸಾಧ್ಯವಾಗಿದೆ. ನನಗೆ ಮಾಡಿಸಿದರು, ಅಂಥ ದೋಷ ಇಲ್ಲ ಅಂತ ಬಂತು. ಹಾಗಂತ ಅವಳಿಗೆ ಬರೋದೇ ಇಲ್ಲ ಅಂತಲ್ಲ, ತಪಾಸಣೆ ಯಾವ ವಯಸ್ಸಿನಲ್ಲಿ ಶುರು ಮಾಡಬೇಕು ಅಂತಲೂ ಹೇಳಿದರು. ಇಷ್ಟನ್ನೂ ಅವಳ ಎದುರಿಗೇ ಹೇಳಿದ್ದು ನನಗೆ ಇಷ್ಟವಾಯಿತು. ಆ ರಾತ್ರಿ ಫೋನ್ ತೆಗೆದ ಹುಡುಗಿಗೆ ಸತ್ಯ ತಡೆದುಕೊಳ್ಳುವ ಶಕ್ತಿ ಇದೆ.

ಅಮ್ಮನದು ಬೇರೆ ಭಯ. "ಪೂರ್ತಿ ತೆಗೆಸಿಬಿಡು, ನಿಶ್ಚಿಂತೆ" ಅಂತ ಹಟ. ಕೀಮೋಗೆ ಗಂಟು ಚೆನ್ನಾಗಿ ಕುಗ್ಗಿತ್ತು, ಅಷ್ಟು ಭಾಗ ಮಾತ್ರ ತೆಗೆದರೆ ಸಾಕು ಅಂತ ಸರ್ಜನ್ ಹೇಳುತ್ತಿದ್ದರು. ಅಮ್ಮನನ್ನೂ ಕರೆದುಕೊಂಡು ಹೋದೆವು. ಬರ್ನಾರ್ಡ್ ಫಿಶರ್ ಅನ್ನೋ ಸರ್ಜನ್ ನಡೆಸಿದ ಅಧ್ಯಯನದಲ್ಲಿ ಪೂರ್ತಿ ಸ್ತನ ತೆಗೆಸಿದವರು, ಗಂಟಷ್ಟೇ ತೆಗೆಸಿ ರೇಡಿಯೇಷನ್ ಮಾಡಿಸಿಕೊಂಡವರು, ಇಬ್ಬರನ್ನೂ 20 ವರ್ಷ ಗಮನಿಸಿ ನೋಡಿದರು, ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, 2002ರಲ್ಲೇ ಆ ಫಲಿತಾಂಶ ಪ್ರಕಟವಾಗಿದೆ ಅಂತ ಅವರು ಅಮ್ಮನಿಗೆ ನಿಧಾನವಾಗಿ ವಿವರಿಸಿದರು. ಅಮ್ಮ ಪೂರ್ತಿ ಒಪ್ಪಿದರೋ ಇಲ್ಲವೋ, "ನಿನ್ನ ಮೈ, ನೀನೇ ನಿರ್ಧಾರ ಮಾಡು" ಅಂದರು. ಅದು ಸಾಕಿತ್ತು. ಎಲ್ಲರಿಗೂ ಗಂಟಷ್ಟೇ ತೆಗೆದರೆ ಸಾಕಾಗಲ್ಲ, ಕೆಲವರಿಗೆ ಪೂರ್ತಿ ತೆಗೆಯಲೇಬೇಕು, ಇನ್ನು ಕೆಲವರು ತಾವಾಗಿಯೇ ಅದನ್ನ ಬಯಸುತ್ತಾರೆ. ಅವರಿಗೆ ಯಾರೂ ಬುದ್ಧಿ ಹೇಳಬಾರದು.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಿಂದ ಡ್ರೈನ್ ಪೈಪ್ ಹಾಕಿ ಮನೆಗೆ ಕಳಿಸಿದರು. ಅದರ ತುದಿಯ ಬಲ್ಬ್‌ನಲ್ಲಿ ತುಂಬುವ ನೀರನ್ನು ಅಳೆದು ಬರೆದಿಡಬೇಕು, ದಿನಕ್ಕೆ 30 ಮಿಲಿಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ರಕ್ತ ಕಂಡರೆ ಮುಖ ತಿರುಗಿಸುತ್ತಿದ್ದ ನನ್ನ ಗಂಡ ಬೆಳಿಗ್ಗೆ ಸಂಜೆ ಕೈ ತೊಳೆದು, ಬಲ್ಬ್ ಖಾಲಿ ಮಾಡಿ, ಅಳತೆ ಬರೆದು, ಮತ್ತೆ ಗಾಳಿ ಒತ್ತಿ ಮುಚ್ಚಳ ಹಾಕುತ್ತಿದ್ದರು. ಆ ಹೊತ್ತಿನಲ್ಲೇ ನಾವು ಮಾತಾಡುತ್ತಿದ್ದಿದ್ದು. ನನ್ನ ಗಾಯವನ್ನು ಮೊದಲ ಸಲ ನೋಡಿದ್ದೂ ಅವರ ಜೊತೆಗೇ. "ನೋವಿದೆಯಾ?" ಅಂತ ಕೇಳಿದರು, ಬೇರೇನೂ ಹೇಳಲಿಲ್ಲ. ತೋಳು ಬಿಗಿದುಕೊಳ್ಳಬಾರದು ಅಂತ ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಕೊಟ್ಟಿದ್ದರು, ಅದನ್ನೂ ಪಕ್ಕದಲ್ಲಿ ನಿಂತು ಮಾಡಿಸಿದರು. ಆ ಕೈ ಊದಿಕೊಳ್ಳುವ ಸಾಧ್ಯತೆ ಯಾವತ್ತೂ ಇರುತ್ತದೆ, ಹಾಗಾಗಿ ಬಿಪಿ ನೋಡೋಕೆ, ಸೂಜಿ ಚುಚ್ಚೋಕೆ ಇನ್ನೊಂದು ಕೈ ಕೊಡುತ್ತೇನೆ. ನಾನು ಮರೆತರೂ ಅವರು ಮರೆಯಲ್ಲ.

ಒಬ್ಬ ಗೆಳತಿಯ ಬಗ್ಗೆ ಹೇಳಲೇಬೇಕು. ಪ್ರತಿ ಕೀಮೋ ದಿನ ಒಂದು ಮೆಸೇಜ್ ಕಳಿಸುತ್ತಿದ್ದಳು, ಕೊನೆಯಲ್ಲಿ "ಉತ್ತರ ಕೊಡಬೇಡ" ಅಂತ. ಎಲ್ಲರಿಗೂ ಚೆನ್ನಾಗಿದ್ದೀನಿ ಅಂತ ಬರೆದು ಬರೆದು ಸುಸ್ತಾದವರಿಗೆ ಗೊತ್ತು ಅದರ ಬೆಲೆ. "ಏನಾದ್ರೂ ಬೇಕಿದ್ರೆ ಹೇಳು" ಅಂತ ಎಷ್ಟೋ ಜನ ಹೇಳಿದರು, ಒಳ್ಳೆ ಮನಸ್ಸಿನಿಂದಲೇ. ಆದರೆ ಏನು ಬೇಕು ಅಂತ ಯೋಚನೆ ಮಾಡಿ ಹೇಳುವ ಶಕ್ತಿಯೂ ಆ ದಿನಗಳಲ್ಲಿ ಇರಲ್ಲ. "ಮಂಗಳವಾರ ನಿನ್ನ ಮಗಳನ್ನ ನಾನು ಕರ್ಕೊಂಡು ಬರ್ತೀನಿ" ಅಂತ ಹೇಳಿ ಹಾಗೇ ಮಾಡಿದವಳೂ ಇವಳೇ.

ರೇಡಿಯೇಷನ್ ಮುಗಿದಿದೆ. ಎಡಗಡೆ ಆದ್ದರಿಂದ ಹೃದಯ ಸ್ವಲ್ಪ ದೂರ ಸರಿಯಲಿ ಅಂತ ಉಸಿರು ತುಂಬಿ ಹಿಡಿದು ಮಲಗಬೇಕಿತ್ತು. ಕೀಮೋ ಕೊನೆಯಲ್ಲಿ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ತುದಿ ಈಗಲೂ ಜೋಮು, ಬಟನ್ ಹಾಕೋದು ನಿಧಾನ. ದಿನವೂ ಸ್ತನದಲ್ಲಿ ಹಾರ್ಮೋನ್ ಕೆಲಸ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ. ಅದನ್ನ 5 ವರ್ಷ ತೆಗೆದುಕೊಳ್ಳಬೇಕೋ 10 ವರ್ಷವೋ ಅನ್ನೋದೇ ಈಗ ಮನೆಯಲ್ಲಿ ಚರ್ಚೆ. 10 ವರ್ಷ ಮುಂದುವರಿಸಿದರೆ ಕಾಯಿಲೆ ಮರಳುವುದು ಇನ್ನೂ ಕಡಿಮೆಯಾಗುತ್ತದೆ ಅಂತ 2012ರಲ್ಲಿ ಬಂದ ಅಟ್ಲಾಸ್ ಅಧ್ಯಯನ ತೋರಿಸಿದೆ, ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಸ್ವಲ್ಪ ಜಾಸ್ತಿಯಾಗುತ್ತದೆ ಅಂತಲೂ ಅದರಲ್ಲೇ ಇದೆ. ಇವರು 10 ಅನ್ನುತ್ತಾರೆ, ತಂಗಿ ಡಾಕ್ಟರನ್ನ ಕೇಳದೆ ಏನೂ ಬೇಡ ಅನ್ನುತ್ತಾಳೆ, ನನಗೆ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ತಿಂಗಳು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಭಯ ಇದೆ ಅಂತ ನಿನ್ನೆ ಊಟ ಮಾಡುವಾಗ ಎಲ್ಲರ ಎದುರು ಹೇಳಿದೆ. ಅತ್ತೆ "ನಂಗೂ ಇದೆ ಕಣಮ್ಮ, ನಾನೂ ಬರ್ತೀನಿ" ಅಂದರು. ನೋಟ್‌ಬುಕ್‌ನಲ್ಲಿ ಮೊದಲ ಪ್ರಶ್ನೆಯಾಗಿ ಮಾತ್ರೆ ವಿಷಯ ಬರೆದಾಗಿದೆ.